ಪ್ಯಾಕ್ಡ್ ಸ್ಟ್ರಕ್ಟ್ ಒಳಗಿನ ಪಾಯಿಂಟರ್ ಯಾಕೆ ಕೈಕೊಡತ್ತೆ: ಸಿ ನಲ್ಲಿ ಅಲೈನ್‌ಮೆಂಟ್ ವಿಚಾರ

ಬಿಎಂಪಿ ಇಮೇಜ್ ಫೈಲ್ ಗೊತ್ತಲ್ವಾ, ಅದರ ಮೊದಲ 14 ಬೈಟ್ ಫೈಲ್ ಹೆಡರ್. ಮೊದಲ 2 ಬೈಟಲ್ಲಿ ಬಿ, ಎಂ ಅನ್ನೋ ಎರಡು ಅಕ್ಷರ, ಆಮೇಲೆ 4 ಬೈಟ್ ಫೈಲ್ ಸೈಜು, ಆಮೇಲೆ 2 ಬೈಟಿನ ಎರಡು ರಿಸರ್ವ್ಡ್ ಫೀಲ್ಡು, ಕೊನೇಲಿ ಪಿಕ್ಸೆಲ್ ಡೇಟಾ ಎಲ್ಲಿಂದ ಶುರು ಆಗತ್ತೆ ಅಂತ ಹೇಳೋ 4 ಬೈಟಿನ ಆಫ್‌ಸೆಟ್. ಸಿ ಕಲಿತಿರೋರು ಯಾರೇ ಆದ್ರೂ ಇದನ್ನ ನೋಡಿದ ತಕ್ಷಣ ಅದೇ ಆರ್ಡರಲ್ಲಿ ಒಂದು ಸ್ಟ್ರಕ್ಟ್ ಬರೆದು, ಎಫ್‌ರೀಡ್‌ಗೆ ಅದರ ಅಡ್ರೆಸ್ಸು, ಸೈಜ್‌ಆಫ್ ಎರಡೂ ಕೊಟ್ಟು ಒಂದೇ ಏಟಿಗೆ ಓದ್ಬಿಡೋಣ ಅಂತ ಹೋಗ್ತಾರೆ. ಓದಿ ಪ್ರಿಂಟ್ ಮಾಡಿ ನೋಡಿದ್ರೆ ಫೈಲ್ ಸೈಜ್ 0 ಅಂತ ಬರತ್ತೆ, 54 ಬರ್ಬೇಕಾಗಿದ್ದ ಪಿಕ್ಸೆಲ್ ಆಫ್‌ಸೆಟ್ ಜಾಗದಲ್ಲಿ 2621440 ಅಂತ ಬಂದು ಕೂತಿರತ್ತೆ.

ಈ 2621440 ಸುಮ್ನೆ ಎಲ್ಲಿಂದ್ಲೋ ಬಂದಿರೋ ಕಸ ಅಲ್ಲ, ಲೆಕ್ಕ ಹಾಕಿದ್ರೆ ಸರಿಯಾಗಿ ಸಿಗತ್ತೆ. ಕಂಪೈಲರ್ ಆ ಸ್ಟ್ರಕ್ಟಿಗೆ 14 ಬೈಟ್ ಬದ್ಲು 16 ಬೈಟ್ ಕೊಟ್ಟಿದೆ, ಬಿ ಎಂ ಆದ್ಮೇಲೆ 2 ಬೈಟ್ ಖಾಲಿ ಬಿಟ್ಟು ಫೈಲ್ ಸೈಜನ್ನ ಆಫ್‌ಸೆಟ್ 4ಕ್ಕೆ ತಳ್ಳಿದೆ, ಹಾಗಾಗಿ ಅದರ ನಂತರ ಇರೋದೆಲ್ಲ 2 ಬೈಟ್ ಜರುಗಿದೆ. ಫೈಲಲ್ಲಿ 0ಯಿಂದ ಎಣಿಸಿದ್ರೆ 12, 13ನೇ ಬೈಟು ನಿಜವಾದ ಆಫ್‌ಸೆಟ್‌ನ ಮೇಲಿನ ಅರ್ಧ, ಅಂದ್ರೆ ಸೊನ್ನೆ. 14, 15ನೇ ಬೈಟು ಮುಂದಿನ ಹೆಡರಿನ ಸೈಜು ಶುರು ಆಗೋ ಜಾಗ, ಮಾಮೂಲಿಯಾಗಿ ಅಲ್ಲಿ 40 ಇರತ್ತೆ. ಈ ನಾಲ್ಕು ಬೈಟ್ ಸೇರಿಸಿ ಲಿಟಲ್ ಎಂಡಿಯನ್ ಆಗಿ, ಅಂದ್ರೆ ಚಿಕ್ಕ ಬೆಲೆಯ ಬೈಟ್ ಮೊದಲು ಅಂತ ಓದಿದ್ರೆ 40 ಇಂಟು 65536, ಅದೇ 2621440. ಫೈಲ್ ಸೈಜ್ ಜಾಗಕ್ಕೂ ಹಾಗೇ ಅದರ ಮೇಲಿನ ಅರ್ಧ ಮಾತ್ರ ಬಂದಿದೆ, ಫೈಲ್ 64 ಕೆಬಿಗಿಂತ ಚಿಕ್ಕದಾಗಿದ್ರೆ ಅದು 0.

ಇದಕ್ಕೆ ಎಲ್ಲರೂ ಹೇಳೋ ಪರಿಹಾರ ಒಂದೇ ಲೈನಿನದ್ದು: ಸ್ಟ್ರಕ್ಟ್ ಮೇಲೆ ಪ್ರಾಗ್ಮಾ ಪ್ಯಾಕ್ 1 ಹಾಕಿ, ಇಲ್ಲಾಂದ್ರೆ ಜಿಸಿಸಿ, ಕ್ಲ್ಯಾಂಗ್ ಅನ್ನೋ ಕಂಪೈಲರ್‌ಗಳಲ್ಲಿ ಪ್ಯಾಕ್ಡ್ ಅನ್ನೋ ಅಟ್ರಿಬ್ಯೂಟ್ ಹಾಕಿ. ಹಾಕಿದ್ರೆ ಸೈಜ್‌ಆಫ್ 14 ಆಗತ್ತೆ, ನಂಬರ್ ಎಲ್ಲ ಸರಿಯಾಗಿ ಬರತ್ತೆ, ಕೆಲಸ ಮುಗೀತು ಅಂತ ಮುಂದೆ ಹೋಗ್ತೀವಿ. ನಿಜ ಹೇಳ್ಬೇಕಂದ್ರೆ ತೊಂದರೆ ಶುರು ಆಗೋದೇ ಅಲ್ಲಿಂದ, ಯಾಕಂದ್ರೆ ಕಂಪೈಲರ್ ಆ 2 ಬೈಟ್ ಖಾಲಿ ಬಿಟ್ಟಿದ್ದಕ್ಕೆ ಒಂದು ಕಾರಣ ಇತ್ತು, ನಾವು ಆ ಕಾರಣ ಏನು ಅಂತ ಕೇಳ್ದೇನೇ ಜಾಗ ಕಿತ್ಕೊಂಡಿದ್ದೀವಿ.

ಕಾರಣ ಅಲೈನ್‌ಮೆಂಟ್. ಪ್ರತಿಯೊಂದು ಟೈಪಿಗೂ ಮೆಮೊರಿಲಿ ಎಲ್ಲಿ ಕೂರ್ಬೇಕು ಅಂತ ಒಂದು ನಿಯಮ ಇದೆ. ನಾವು ದಿನಾ ಬಳಸೋ ಮೆಷಿನ್‌ಗಳಲ್ಲಿ 4 ಬೈಟಿನ ಇಂಟ್ 4ರಿಂದ ಭಾಗ ಆಗೋ ಅಡ್ರೆಸ್ಸಲ್ಲಿ ಇರ್ಬೇಕು, 2 ಬೈಟಿನ ಶಾರ್ಟ್ ಸಮ ಸಂಖ್ಯೆಯ ಅಡ್ರೆಸ್ಸಲ್ಲಿ ಇರ್ಬೇಕು, ಚಾರ್ ಎಲ್ಲಿ ಬೇಕಾದ್ರೂ ಇರ್ಬಹುದು. ಹಾರ್ಡ್‌ವೇರ್ ಮೆಮೊರಿನ ಒಂದೊಂದೇ ಬೈಟ್ ಆಗಿ ಓದಲ್ಲ, 4 ಅಥವಾ 8 ಬೈಟಿನ ತುಂಡಾಗಿ, ಕ್ಯಾಶ್ ಆದ್ರೆ ಮಾಮೂಲಿಯಾಗಿ 64 ಬೈಟಿನ ಲೈನ್ ಆಗಿ ಓದತ್ತೆ. ಇಂಟ್ ಸರಿಯಾದ ಜಾಗದಲ್ಲಿದ್ರೆ ಒಂದೇ ಸಲಕ್ಕೆ ಕೈಗೆ ಸಿಗತ್ತೆ, ಎರಡು ತುಂಡಿನ ಮಧ್ಯೆ ಹಂಚಿ ಹೋಗಿದ್ರೆ ಎರಡು ಸಲ ಓದಿ, ಎರಡರಿಂದ್ಲೂ ಬೇಕಾದ ಭಾಗ ಕತ್ತರಿಸಿ ಜೋಡಿಸ್ಬೇಕು. ಆ ಜೋಡಿಸೋ ಸರ್ಕ್ಯೂಟ್ ಕೆಲವು ಪ್ರೊಸೆಸರ್‌ಗಳಲ್ಲಿ ಇದೆ, ಕೆಲವದರಲ್ಲಿ ಇಲ್ವೇ ಇಲ್ಲ, ಇನ್ನು ಕೆಲವದರಲ್ಲಿ ಕೆಲವು ಇನ್‌ಸ್ಟ್ರಕ್ಷನ್‌ಗಳಿಗೆ ಮಾತ್ರ ಇದೆ. ಈ ಮೂರನೇ ಜಾತಿದೇ ಜಾಸ್ತಿ ಕಾಟ ಕೊಡೋದು, ಅದನ್ನ ಆಮೇಲೆ ಹೇಳ್ತೀನಿ.

ಬೆಂಗಳೂರಲ್ಲಿ ಎಂಬೆಡೆಡ್ ಕೆಲಸಕ್ಕೆ ಇಂಟರ್ವ್ಯೂ ಕೊಟ್ಟಿರೋರಿಗೆ ಚಾರ್, ಇಂಟ್, ಚಾರ್ ಇರೋ ಸ್ಟ್ರಕ್ಟಿನ ಸೈಜ್ ಎಷ್ಟು ಅನ್ನೋ ಪ್ರಶ್ನೆ ಹೊಸದಲ್ಲ. ಡೇಟಾ ಇರೋದು 6 ಬೈಟ್, ಉತ್ತರ 12. ಮೊದಲ ಚಾರ್ ಆದ್ಮೇಲೆ 3 ಬೈಟ್ ಪ್ಯಾಡಿಂಗ್, ಅಂದ್ರೆ ಖಾಲಿ ಜಾಗ, ಯಾಕೆ ಅಂತ ಎಲ್ಲರೂ ಹೇಳ್ತಾರೆ, ಕೊನೇ ಚಾರ್ ಆದ್ಮೇಲೆ ಇನ್ನೂ 3 ಬೈಟ್ ಯಾಕೆ ಅಂದ್ರೆ ಸುಮಾರು ಜನ ಅಲ್ಲೇ ನಿಂತ್ಬಿಡ್ತಾರೆ. ಅದು ಅರೇಗೋಸ್ಕರ. ಸೈಜ್ 9 ಆಗಿದ್ದಿದ್ರೆ ಅರೇಲಿ ಎರಡನೇ ಎಲಿಮೆಂಟು 9ನೇ ಬೈಟಿಂದ ಶುರು ಆಗಿ ಅದರೊಳಗಿನ ಇಂಟ್ 13ನೇ ಬೈಟಲ್ಲಿ ಬಂದು ಕೂರ್ತಿತ್ತು. ಇಂಟನ್ನ ಮೊದಲು ಬರೆದು ಎರಡೂ ಚಾರನ್ನ ಹಿಂದೆ ಹಾಕಿದ್ರೆ ಸೈಜ್ 8ಕ್ಕೆ ಇಳಿಯತ್ತೆ. ಕಂಪೈಲರೇ ಯಾಕೆ ಹಾಗೆ ಜೋಡಿಸಲ್ಲ ಅಂದ್ರೆ ನಾವು ಬರೆದ ಆರ್ಡರಲ್ಲೇ ಮೆಂಬರ್‌ಗಳು ಮೆಮೊರಿಲಿ ಇರ್ಬೇಕು ಅಂತ ಸಿ ಸ್ಟ್ಯಾಂಡರ್ಡೇ ಹೇಳತ್ತೆ, ಅದಕ್ಕೆ ಆರ್ಡರ್ ಬದ್ಲಾಯಿಸೋ ಹಕ್ಕಿಲ್ಲ.

ಈಗ ಪ್ಯಾಕ್ಡ್ ಅಂತ ಹಾಕಿದಾಗ ಏನಾಗತ್ತೆ ನೋಡಿ. ಮೆಂಬರ್‌ಗಳ ಮಧ್ಯೆ ಇದ್ದ ಪ್ಯಾಡಿಂಗ್ ಹೋಗತ್ತೆ, ಇದು ಎಲ್ಲರಿಗೂ ಗೊತ್ತಿರೋದು. ಇದರ ಜೊತೆಗೇ ಆ ಸ್ಟ್ರಕ್ಟಿನ ಅಲೈನ್‌ಮೆಂಟೇ 1 ಆಗ್ಬಿಡತ್ತೆ, ಅಂದ್ರೆ ಇದು ಯಾವ ಅಡ್ರೆಸ್ಸಲ್ಲಿ ಬೇಕಾದ್ರೂ ಇರ್ಬಹುದು ಅಂತ ಕಂಪೈಲರಿಗೆ ಹೇಳಿದ ಹಾಗೆ. ಕಂಪೈಲರ್ ಈ ಮಾತನ್ನ ನೆನಪಿಟ್ಕೊಂಡೇ ಕೆಲಸ ಮಾಡತ್ತೆ. ನೀವು ಸ್ಟ್ರಕ್ಟ್ ಹೆಸರಿಟ್ಟು ಚುಕ್ಕಿ ಹಾಕಿ, ಅಥವಾ ಆ ಸ್ಟ್ರಕ್ಟಿನ ಪಾಯಿಂಟರಿಂದ ಬಾಣ ಹಾಕಿ ಮೆಂಬರ್ ಓದಿದ್ರೆ, ಕಾರ್ಟೆಕ್ಸ್ ಎಂ0 ಥರದ ಸಣ್ಣ ಆರ್ಮ್ ಚಿಪ್ಪಿಗೆ ಅದು ಒಂದೊಂದೇ ಬೈಟ್ ನಾಲ್ಕು ಸಲ ಲೋಡ್ ಮಾಡಿ, ಶಿಫ್ಟ್ ಮಾಡಿ, ಆರ್ ಮಾಡಿ ಜೋಡಿಸೋ ಕೋಡ್ ಹುಟ್ಟಿಸತ್ತೆ. ಎಕ್ಸ್86, ಅಂದ್ರೆ ಇಂಟೆಲ್, ಎಎಂಡಿ ಪ್ರೊಸೆಸರ್ ಆದ್ರೆ ಒಂದೇ ಮೂವ್ ಇನ್‌ಸ್ಟ್ರಕ್ಷನ್. ನಿಧಾನ ಆಗ್ಬಹುದು, ಕೋಡ್ ದೊಡ್ಡದಾಗ್ಬಹುದು, ತಪ್ಪಂತೂ ಆಗಲ್ಲ. ಇಲ್ಲೀವರೆಗೆ ಪ್ಯಾಕ್ಡ್ ಸ್ಟ್ರಕ್ಟ್ ಪೂರ್ತಿ ಸೇಫ್.

ಹಾಳಾಗೋದು ಒಂದು ಚಿಕ್ಕ ಅಂಪರ್ಸಂಡಿಂದ. ಹೆಡರ್ ಒಳಗಿನ ಫೈಲ್ ಸೈಜಿನ ಅಡ್ರೆಸ್ ತಗೊಂಡು, 32 ಬಿಟ್ ಇಂಟ್ ಪಾಯಿಂಟರ್ ಕೇಳೋ ಯಾವುದೋ ಫಂಕ್ಷನ್‌ಗೆ ಕಳಿಸಿದ್ರಿ ಅಂದ್ಕೊಳ್ಳಿ, ಬೈಟ್ ತಿರುಗಿಸೋ ಫಂಕ್ಷನ್ನೋ, ಚೆಕ್‌ಸಮ್ ಹಾಕೋದೋ, ಏನೋ ಒಂದು. ಆ ಫಂಕ್ಷನ್ ಬೇರೆ ಫೈಲಲ್ಲಿದೆ, ಅದಕ್ಕೆ ಪ್ಯಾಕ್ಡ್ ಅನ್ನೋ ಮಾತೇ ಗೊತ್ತಿಲ್ಲ, ಅದರ ಕೈಗೆ ಬಂದಿರೋದು ಮಾಮೂಲಿ ಇಂಟ್ ಪಾಯಿಂಟರ್, ಮತ್ತೆ ಮಾಮೂಲಿ ಇಂಟ್ ಪಾಯಿಂಟರ್ ಅಂದ್ರೆ 4ರಿಂದ ಭಾಗ ಆಗೋ ಅಡ್ರೆಸ್ಸು ಅನ್ನೋ ಭರವಸೆ ಮೇಲೆ ಕಂಪೈಲರ್ ಅಲ್ಲಿ ಕೋಡ್ ಬರೆದಾಗಿದೆ. ಎಲ್ಲಿ ಬೇಕಾದ್ರೂ ಇರ್ಬಹುದು ಅನ್ನೋ ಮಾಹಿತಿ ಇದ್ದಿದ್ದು ಸ್ಟ್ರಕ್ಟಿನ ಟೈಪಲ್ಲಿ, ಅಡ್ರೆಸ್ ತಗೊಂಡ ಗಳಿಗೇಲೇ ಅದು ಕಳಚಿ ಬಿತ್ತು. ಈ ಇಡೀ ವಿಷಯದಲ್ಲಿ ಒಂದೇ ಒಂದು ಮಾತು ತಲೇಲಿ ಇಟ್ಕೊಳ್ಳೋದಾದ್ರೆ ಇದನ್ನೇ ಇಟ್ಕೊಳ್ಳಿ ಅಂತ ನಾನು ಹೇಳೋದು, ಉಳಿದಿದ್ದೆಲ್ಲ ಇದರಿಂದ್ಲೇ ಹುಟ್ಟೋದು.

ಪ್ಯಾಕ್ಡ್ ಇಲ್ದೇನೂ ಇದೇ ತಪ್ಪಾಗತ್ತೆ: ನೆಟ್‌ವರ್ಕಿಂದ ಬಂದ ಚಾರ್ ಬಫರ್ ಇದೆ, ಅದರ 5ನೇ ಬೈಟಿಂದ ಒಂದು ಇಂಟ್ ಇದೆ, ಪಾಯಿಂಟರ್ ಕಾಸ್ಟ್ ಮಾಡಿ ಸ್ಟಾರ್ ಹಾಕಿ ಓದಿದ್ರು. ಸಿ ಸ್ಟ್ಯಾಂಡರ್ಡ್ ಪ್ರಕಾರ ಅಲೈನ್ ಆಗಿರದ ಅಡ್ರೆಸ್ಸನ್ನ ಆ ಟೈಪಿನ ಪಾಯಿಂಟರಿಗೆ ಕನ್ವರ್ಟ್ ಮಾಡಿದ್ದೇ ಅನ್‌ಡಿಫೈನ್ಡ್ ಬಿಹೇವಿಯರ್, ಅಂದ್ರೆ ಏನಾಗತ್ತೆ ಅಂತ ಭಾಷೆ ಗ್ಯಾರಂಟಿ ಕೊಡಲ್ಲ, ಓದೋವರೆಗೂ ಕಾಯ್ಬೇಕಾಗಿಲ್ಲ.

ನನ್ನ ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಡತ್ತಲ್ಲ ಅಂತ ಸುಮಾರು ಜನ ಕೇಳ್ತಾರೆ. ಓಡತ್ತೆ, ಯಾಕಂದ್ರೆ ಎಕ್ಸ್86 ಮಾಮೂಲಿ ಲೋಡ್ ಸ್ಟೋರಿಗೆ ಮೊದಲಿಂದ್ಲೂ ಅಲೈನ್‌ಮೆಂಟ್ ಕೇಳಿಲ್ಲ. ಆದ್ರೆ ನೀವು ಮಾತಾಡ್ತಿರೋದು ಪ್ರೊಸೆಸರ್ ಜೊತೆ ಅಲ್ಲ, ಕಂಪೈಲರ್ ಜೊತೆ. ಒಂದು ಉದಾಹರಣೆ ಬಿಡಿಸಿ ಹೇಳ್ತೀನಿ. 16 ಬಿಟ್ ನಂಬರ್‌ಗಳ ಅರೇನ ಕೂಡಿಸೋ ಸಣ್ಣ ಲೂಪ್ ಇದೆ, ಜಾಸ್ತಿ ಆಪ್ಟಿಮೈಸೇಷನ್ ಕೇಳೋ ಓ3 ಹಾಕಿ ಕಂಪೈಲ್ ಮಾಡಿದ್ರಿ, ಕಂಪೈಲರ್ ಅದನ್ನ ಒಂದ್ಸಲಕ್ಕೆ 8 ನಂಬರ್ ಕೂಡಿಸೋ ವೆಕ್ಟರ್ ಕೋಡ್ ಮಾಡತ್ತೆ. 16 ಬೈಟಿಗೆ ಅಲೈನ್ ಆಗಿರೋ ಅಡ್ರೆಸ್ ಬೇಕು ಅನ್ನೋ ಇನ್‌ಸ್ಟ್ರಕ್ಷನ್ ಹಳೇ ಪ್ರೊಸೆಸರ್‌ಗಳಲ್ಲಿ ಫಾಸ್ಟ್ ಆಗಿತ್ತು, ಅದಕ್ಕೇ ಜಿಸಿಸಿ ಎಷ್ಟೋ ವರ್ಷನ್‌ಗಳಲ್ಲಿ ಏನು ಮಾಡ್ತಿತ್ತು ಅಂದ್ರೆ, ಶುರುವಲ್ಲಿ ಒಂದೊಂದೇ ನಂಬರ್ ಕೂಡಿಸ್ತಾ ಹೋಗಿ, ಅಡ್ರೆಸ್ 16ರಿಂದ ಭಾಗ ಆಗೋ ಜಾಗಕ್ಕೆ ಬಂದಿದ್ದೀನಿ ಅಂತ ಲೆಕ್ಕ ಹಾಕಿ, ಅಲ್ಲಿಂದ ವೆಕ್ಟರ್ ಲೋಡ್ ಶುರು ಮಾಡ್ತಿತ್ತು. ಪಾಯಿಂಟರ್ ಸಮ ಸಂಖ್ಯೆ ಆಗಿದ್ರೆ ಆ ಲೆಕ್ಕ ಸರಿ. ಪ್ಯಾಕ್ಡ್ ಸ್ಟ್ರಕ್ಟಿಂದ ಬಂದ ಪಾಯಿಂಟರ್ 1001 ಆಗಿದ್ರೆ 1003, 1005, 1007 ಅಂತ ಎಷ್ಟು ಎರಡೆರಡು ಹೆಜ್ಜೆ ಹಾಕಿದ್ರೂ 16ರ ಮಗ್ಗಿಗೆ ಬರೋದೇ ಇಲ್ಲ. ಆಗ ಆ ಇನ್‌ಸ್ಟ್ರಕ್ಷನ್ ಜನರಲ್ ಪ್ರೊಟೆಕ್ಷನ್ ಫಾಲ್ಟ್ ಎತ್ತತ್ತೆ, ಲಿನಕ್ಸ್ ಅದನ್ನ ಸೆಗ್ಮೆಂಟೇಷನ್ ಫಾಲ್ಟ್ ಅಂತ ತೋರಿಸತ್ತೆ. ಜಿಡಿಬಿ ಅನ್ನೋ ಡೀಬಗ್ಗರಲ್ಲಿ ನೋಡಿದ್ರೆ ಅಡ್ರೆಸ್ ಸರಿಯಾಗಿದೆ, ಮೆಮೊರಿ ಇದೆ, ಪ್ರಿಂಟ್ ಮಾಡಿದ್ರೆ ವ್ಯಾಲ್ಯೂ ಕೂಡ ಬರತ್ತೆ, ಪ್ರೋಗ್ರಾಂ ಮಾತ್ರ ಸತ್ತಿದೆ. ಆಪ್ಟಿಮೈಸೇಷನ್ ಇಲ್ದೆ ಕಂಪೈಲ್ ಮಾಡಿದ್ರೆ ಓಡತ್ತೆ, ಹಾಗಾಗಿ ಜನ ಕಂಪೈಲರ್ ಬಗ್ ಅಂತ ತಿಳ್ಕೊಳ್ತಾರೆ. ಕಂಪೈಲರ್ ಅಲ್ಲಿ ಯಾವ ತಪ್ಪೂ ಮಾಡಿಲ್ಲ, ಅದಕ್ಕೆ ಕೊಟ್ಟ ಭರವಸೆ ಸುಳ್ಳಾಗಿತ್ತು.

ಆರ್ಮ್ ಕಡೆ ಬಂದ್ರೆ ಕಥೆ ಚಿಪ್ಪಿಂದ ಚಿಪ್ಪಿಗೆ ಬೇರೆ. ಆರ್ಮ್ ವಿ5 ಮತ್ತೆ ಅದಕ್ಕಿಂತ ಹಿಂದಿನ ಕೋರ್‌ಗಳಲ್ಲಿ ಅಲೈನ್ ಆಗಿರದ ಲೋಡ್ ಕ್ರ್ಯಾಶ್ ಆಗ್ಲೇಬೇಕು ಅಂತೇನಿರಲಿಲ್ಲ, ಸುಮ್ನೆ ತಪ್ಪು ನಂಬರ್ ಕೊಡ್ತಿತ್ತು. 1000ನೇ ಅಡ್ರೆಸ್ಸಿಂದ 11, 22, 33, 44, 55 ಅಂತ ಬೈಟ್ ಇದೆ ಅಂದ್ಕೊಳ್ಳಿ, 1001ರಿಂದ ಇಂಟ್ ಓದಿದ್ರೆ ನಿಮಗೆ ಬೇಕಾಗಿರೋದು 22, 33, 44, 55. ಆ ಕೋರ್ 1000ದಲ್ಲಿರೋ ವರ್ಡನ್ನೇ ಓದಿ ಒಂದು ಬೈಟ್ ತಿರುಗಿಸಿ 22, 33, 44, 11 ಅಂತ ಕೊಡ್ತಿತ್ತು. ಎರರ್ ಇಲ್ಲ, ಲಾಗ್ ಇಲ್ಲ, ನಾಲ್ಕರಲ್ಲಿ ಮೂರು ಬೈಟ್ ಸರಿ, ಒಂದು ಮಾತ್ರ ಪಕ್ಕದ್ದು. ಇದಕ್ಕಿಂತ ಕ್ರ್ಯಾಶ್ ಆಗೋದೇ ಎಷ್ಟೋ ಮೇಲು.

ಕಾರ್ಟೆಕ್ಸ್ ಎಂ0 ನೇರವಾಗಿ ಹಾರ್ಡ್ ಫಾಲ್ಟಿಗೆ ಹೋಗತ್ತೆ, ಅಂದ್ರೆ ಕೋಡ್ ಅಲ್ಲೇ ನಿಂತು ಎರರ್ ಹ್ಯಾಂಡ್ಲರಿಗೆ ಹಾರತ್ತೆ, ಅದು ಒಂಥರಾ ಪ್ರಾಮಾಣಿಕ. ಮೇಲೆ ಮೂರನೇ ಜಾತಿ ಅಂದಿದ್ನಲ್ಲ, ಅದು ಕಾರ್ಟೆಕ್ಸ್ ಎಂ3, ಎಂ4. ಇವುಗಳಲ್ಲಿ ಮಾಮೂಲಿ ಒಂದು ವರ್ಡಿನ ಲೋಡ್ ಅಲೈನ್ ಆಗಿಲ್ಲದಿದ್ರೂ ನಡೆಯತ್ತೆ, ಆದ್ರೆ ಒಂದೇ ಸಲಕ್ಕೆ ಎರಡು ರಿಜಿಸ್ಟರ್ ತುಂಬೋ ಡಬಲ್ ಲೋಡು, ಸುಮಾರು ರಿಜಿಸ್ಟರ್ ತುಂಬೋ ಮಲ್ಟಿಪಲ್ ಲೋಡು ಇವೆರಡಕ್ಕೂ 4ರ ಅಲೈನ್‌ಮೆಂಟ್ ಇರ್ಲೇಬೇಕು, ಇಲ್ಲಾಂದ್ರೆ ಫಾಲ್ಟ್. ಈಗ ನಿಮ್ಮ ಫಂಕ್ಷನ್ ಪಾಯಿಂಟರಿಂದ ಅಕ್ಕಪಕ್ಕದ ಎರಡು ಇಂಟ್ ಓದತ್ತೆ. ಆಪ್ಟಿಮೈಸೇಷನ್ ಇಲ್ಲದ ಓ0ನಲ್ಲಿ ಎರಡು ಬೇರೆ ಬೇರೆ ಲೋಡ್, ಬೋರ್ಡ್ ಮೇಲೆ ಓಡತ್ತೆ, ಟೆಸ್ಟ್ ಎಲ್ಲ ಪಾಸ್. ರಿಲೀಸ್ ಬಿಲ್ಡಲ್ಲಿ ಓ2 ಹಾಕಿದಾಗ ಕಂಪೈಲರ್ ಅವೆರಡನ್ನೂ ಸೇರಿಸಿ ಒಂದು ಡಬಲ್ ಲೋಡ್ ಮಾಡತ್ತೆ, ಬೋರ್ಡ್ ಹಾರ್ಡ್ ಫಾಲ್ಟ್ ಹ್ಯಾಂಡ್ಲರಲ್ಲಿ ಸಿಕ್ಕಾಕ್ಕೊಳ್ಳತ್ತೆ. ಇಂಥ ಟೈಮಲ್ಲಿ ಫಾಲ್ಟ್ ಸ್ಟೇಟಸ್ ರಿಜಿಸ್ಟರಲ್ಲಿ ಅನ್‌ಅಲೈನ್ಡ್ ಅನ್ನೋ ಬಿಟ್ ಸೆಟ್ ಆಗಿದೆಯಾ ಅಂತ ಮೊದಲು ನೋಡಿ, ಸ್ಟ್ಯಾಕ್ ಓವರ್‌ಫ್ಲೋ ಅಂತ ಹುಡುಕ್ತಾ ಕೂತು ಎರಡು ದಿನ ಕಳ್ಕೊಳ್ಳೋದು ಬೇಡ. ಇನ್ನೊಂದು ಒಳ್ಳೇ ಉಪಾಯ ಅಂದ್ರೆ ಆ ಚಿಪ್‌ಗಳಲ್ಲಿ ಅಲೈನ್ ಆಗಿರದ ಎಲ್ಲಾ ಲೋಡಿಗೂ ಫಾಲ್ಟ್ ಎತ್ತು ಅಂತ ಹೇಳೋ ಒಂದು ಕಂಟ್ರೋಲ್ ಬಿಟ್ ಇದೆ, ಪ್ಯಾಕ್ಡ್ ಮೆಂಬರನ್ನೂ ಬೈಟ್ ಬೈಟಾಗಿ ಓದೋ ಹಾಗೆ ಅನ್‌ಅಲೈನ್ಡ್ ಆಕ್ಸೆಸ್ ಬೇಡ ಅನ್ನೋ ಆಪ್ಷನ್ ಕೊಟ್ಟು ಕಂಪೈಲ್ ಮಾಡಿ, ಡೆವಲಪ್‌ಮೆಂಟ್ ಬಿಲ್ಡಲ್ಲಿ ಆ ಬಿಟ್ ಆನ್ ಮಾಡಿಟ್ರೆ ತಪ್ಪು ಪಾಯಿಂಟರ್‌ಗಳು ಬೇಗ ಸಿಕ್ಕಿಬೀಳ್ತವೆ.

ಸ್ಪಾರ್ಕ್ ಪ್ರೊಸೆಸರಿನ ಮೆಷಿನ್‌ಗಳಲ್ಲಿ ಕೆಲಸ ಮಾಡಿದ ಹಿರಿಯರಿಗೆ ಇದೆಲ್ಲ ಹೇಳೋದೇ ಬೇಡ, ಅಲ್ಲಿ ಸಿಗ್‌ಬಸ್ ಅನ್ನೋ ಎರರ್ ಸಿಗ್ನಲ್ ಬಂದು ಪ್ರೋಗ್ರಾಂ ಅಲ್ಲೇ ನಿಲ್ತಿತ್ತು. ರಿಸ್ಕ್ ಫೈವ್ ಅನ್ನೋ ಪ್ರೊಸೆಸರ್ ಜಾತಿಲಿ ಇದನ್ನ ಚಿಪ್ ಮಾಡೋರಿಗೇ ಬಿಟ್ಟಿದ್ದಾರೆ, ಕೆಲವು ಕಡೆ ಹಾರ್ಡ್‌ವೇರೇ ನೋಡ್ಕೊಳ್ಳತ್ತೆ, ಕೆಲವು ಕಡೆ ಟ್ರ್ಯಾಪ್ ಆಗಿ ಫರ್ಮ್‌ವೇರ್ ಅದನ್ನ ಎಮ್ಯುಲೇಟ್ ಮಾಡತ್ತೆ, ರಿಸಲ್ಟ್ ಸರಿಯಾಗೇ ಬರತ್ತೆ ಆದ್ರೆ ಒಂದು ಲೋಡಿಗೆ ಆಗ್ಬೇಕಾದ ಟೈಮಿಗಿಂತ ಎಷ್ಟೋ ಪಟ್ಟು ಜಾಸ್ತಿ ಹಿಡಿಯತ್ತೆ.

ಅಟಾಮಿಕ್ ವೇರಿಯೇಬಲ್‌ನಂತೂ (ಸುಮಾರು ಥ್ರೆಡ್ ಒಟ್ಟಿಗೆ ಮುಟ್ಟಿದ್ರೂ ಅರ್ಧಂಬರ್ಧ ಆಗದ ವೇರಿಯೇಬಲ್) ಪ್ಯಾಕ್ಡ್ ಸ್ಟ್ರಕ್ಟ್ ಒಳಗೆ ಇಡ್ಲೇಬೇಡಿ. ಎಕ್ಸ್86ನಲ್ಲಿ ಲಾಕ್ ಹಾಕಿದ ಇನ್‌ಸ್ಟ್ರಕ್ಷನ್ ಎರಡು ಕ್ಯಾಶ್ ಲೈನ್ ಮೇಲೆ ಬಿದ್ರೆ ಅದಕ್ಕೆ ಸ್ಪ್ಲಿಟ್ ಲಾಕ್ ಅಂತಾರೆ, ಆಗ ಪ್ರೊಸೆಸರ್ ಇಡೀ ಬಸ್ ಲಾಕ್ ಮಾಡತ್ತೆ, ನಿಮ್ಮ ಒಂದು ಪ್ರೋಗ್ರಾಂ ತಪ್ಪಿಗೆ ಆ ಮೆಷಿನ್ನಿನ ಬೇರೆ ಕೋರ್‌ಗಳೂ ಕಾಯ್ಬೇಕು. ಇದು ಎಷ್ಟು ದೊಡ್ಡ ತಲೆನೋವು ಅಂದ್ರೆ ಲಿನಕ್ಸ್ ಕರ್ನಲ್ಲಿಗೆ 2020ರಲ್ಲಿ, 5.7 ವರ್ಷನ್ನಲ್ಲಿ, ಇದನ್ನ ಹಿಡಿಯೋದಕ್ಕೇ ಅಂತ ಬೇರೆ ವ್ಯವಸ್ಥೆ ಸೇರಿಸಿದ್ರು.

ಕಂಪೈಲರ್ ನಮಗೆ ಯಾಕೆ ಮೊದ್ಲೇ ಹೇಳಲ್ಲ ಅಂದ್ರೆ, ಈಗ ಹೇಳತ್ತೆ. ಪ್ಯಾಕ್ಡ್ ಅನ್ನೋದು ಕೆಲವು ಕಡೆ ಸೇಫ್ ಅಲ್ಲ ಅಂತ ಜಿಸಿಸಿಯ ಬಗ್ ಪಟ್ಟಿಲಿ 51628ನೇ ನಂಬರಿನ ರಿಪೋರ್ಟ್ ಬಂದಿದ್ದು 2011ರ ಡಿಸೆಂಬರಲ್ಲಿ, ಪ್ಯಾಕ್ಡ್ ಮೆಂಬರಿನ ಅಡ್ರೆಸ್ ತಗೊಂಡ್ರೆ ವಾರ್ನಿಂಗ್ ಕೊಡೋದು ಬಂದಿದ್ದು 2019ರ ಜಿಸಿಸಿ 9ರಲ್ಲಿ. ಕ್ಲ್ಯಾಂಗ್ ಅದಕ್ಕಿಂತ ಸ್ವಲ್ಪ ಮುಂಚೆ, 4ನೇ ವರ್ಷನ್ನಲ್ಲೇ ತಂದಿತ್ತು. ಎರಡರಲ್ಲೂ ಇದು ತಾನಾಗೇ ಆನ್ ಇರತ್ತೆ. ಹಳೇ ಪ್ರಾಜೆಕ್ಟನ್ನ ಹೊಸ ಕಂಪೈಲರಿಗೆ ತಂದಾಗ ಈ ವಾರ್ನಿಂಗ್ ನೂರಾರು ಬಂದು ಬೀಳತ್ತೆ, ಆಗ ಮೇಕ್‌ಫೈಲಲ್ಲಿ ಅದನ್ನ ಆಫ್ ಮಾಡೋ ಫ್ಲ್ಯಾಗ್ ಹಾಕಿ ಕೈತೊಳ್ಕೊಳ್ಳೋರು ಇದ್ದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಅದರಲ್ಲಿ ಒಂದೊಂದೂ ಇವತ್ತಲ್ಲ ನಾಳೆ ಬೇರೆ ಚಿಪ್ ಮೇಲೆ ಸಿಡಿಯೋ ಜಾಗ. ಆದ್ರೆ ಈ ವಾರ್ನಿಂಗು ಚಾರ್ ಬಫರಿಂದ ಕಾಸ್ಟ್ ಮಾಡಿದ್ದನ್ನ ಹಿಡಿಯಲ್ಲ. ಅದಕ್ಕೆ ಕಾಸ್ಟ್ ಅಲೈನ್ ಅನ್ನೋ ವಾರ್ನಿಂಗ್ ಬೇರೆ ಇದೆ, ಜಿಸಿಸಿಲಿ ಎಕ್ಸ್86 ಮೇಲೆ ಅದು ಸುಮ್ನಿರತ್ತೆ, ಹಾಗಾಗಿ ಅದರ ಸ್ಟ್ರಿಕ್ಟ್ ರೂಪ ಹಾಕ್ಬೇಕು. ಇದಕ್ಕಿಂತ ನನಗೆ ಜಾಸ್ತಿ ನಂಬಿಕೆ ಇರೋದು ಅಲೈನ್‌ಮೆಂಟ್ ಸ್ಯಾನಿಟೈಸರ್ ಮೇಲೆ: ಅದನ್ನ ಹಾಕಿ ಕಂಪೈಲ್ ಮಾಡಿ ಟೆಸ್ಟ್ ಓಡಿಸಿದ್ರೆ, ಲ್ಯಾಪ್‌ಟಾಪಲ್ಲೇ, ಯಾವ ಫೈಲ್ ಯಾವ ಲೈನಲ್ಲಿ ಯಾವ ಅಡ್ರೆಸ್ ತಪ್ಪಿದೆ, ಎಷ್ಟರ ಅಲೈನ್‌ಮೆಂಟ್ ಬೇಕಿತ್ತು ಅಂತ ಬರೆದು ಕೊಡತ್ತೆ.

ಸರಿ, ಹಾಗಾದ್ರೆ ಓದೋದು ಹೇಗೆ? ಮೆಮ್‌ಕಾಪಿ. ಒಂದು ಲೋಕಲ್ ಇಂಟ್ ಇಟ್ಕೊಂಡು, ಬಫರಿಂದ ಅದಕ್ಕೆ 4 ಬೈಟ್ ಕಾಪಿ ಮಾಡಿ, ಆ ಲೋಕಲ್ಲನ್ನೇ ಬಳಸಿ, ಯಾವ ಫಂಕ್ಷನ್‌ಗೆ ಅಡ್ರೆಸ್ ಕೊಡ್ಬೇಕಿದ್ರೂ ಆ ಲೋಕಲ್ಲಿನ ಅಡ್ರೆಸ್ ಕೊಡಿ. ಫಂಕ್ಷನ್ ಕಾಲ್ ಆಗತ್ತೆ, ನಿಧಾನ ಆಗತ್ತೆ ಅನ್ನೋ ಭಯ ಬೇಡ, ಸೈಜ್ 4 ಅಂತ ಗೊತ್ತಿರೋ ಮೆಮ್‌ಕಾಪಿನ ಆಪ್ಟಿಮೈಸರ್ ಎಕ್ಸ್86ನಲ್ಲಿ ಒಂದೇ ಮೂವ್ ಇನ್‌ಸ್ಟ್ರಕ್ಷನ್ ಮಾಡ್ಬಿಡತ್ತೆ, ಎಂ0 ಥರದ ಚಿಪ್ಪಿಗೆ ಬೈಟ್ ಬೈಟಾಗಿ ಸೇಫಾಗಿ ಓದತ್ತೆ. ನಿಜವಾಗಿ ಫೈಲ್ ಫಾರ್ಮ್ಯಾಟು, ನೆಟ್‌ವರ್ಕ್ ಪ್ಯಾಕೆಟ್ಟು ಓದೋವಾಗ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪ್ಯಾಕ್ಡ್ ಸ್ಟ್ರಕ್ಟೇ ಬೇಡ ಅಂತೀನಿ. ನಾಲ್ಕು ಬೈಟ್ ತಗೊಂಡು ಶಿಫ್ಟ್ ಮಾಡಿ ಸೇರಿಸೋ ಎರಡು ಪುಟ್ಟ ಫಂಕ್ಷನ್, ಲಿಟಲ್ ಎಂಡಿಯನ್‌ಗೆ ಒಂದು, ಬಿಗ್ ಎಂಡಿಯನ್‌ಗೆ ಒಂದು, ಇಷ್ಟು ಬರೆದಿಟ್ಕೊಂಡ್ರೆ ಅಲೈನ್‌ಮೆಂಟೂ ಎಂಡಿಯನ್ನೂ ಎರಡೂ ಒಟ್ಟಿಗೆ ಬಗೆಹರಿಯತ್ತೆ. ಪ್ಯಾಕ್ಡ್ ಸ್ಟ್ರಕ್ಟ್ ಎಂಡಿಯನ್ ವಿಷಯಕ್ಕೆ ಏನೂ ಮಾಡಲ್ಲ, ಅದಕ್ಕೆ ಹೇಗಿದ್ರೂ ಬೇರೆ ಕೋಡ್ ಬರೀಲೇಬೇಕು. ಈ ಶಿಫ್ಟ್ ಕೋಡನ್ನೂ ಈಗಿನ ಜಿಸಿಸಿ, ಕ್ಲ್ಯಾಂಗ್ ಗುರುತು ಹಿಡಿದು ಒಂದೇ ಲೋಡ್ ಮಾಡ್ತವೆ.

ಲಿನಕ್ಸ್ ಕರ್ನಲ್‌ನವರು ಈ ಕೆಲಸಕ್ಕೆ ಗೆಟ್ ಅನ್‌ಅಲೈನ್ಡ್, ಪುಟ್ ಅನ್‌ಅಲೈನ್ಡ್ ಅಂತ ಎರಡು ಮ್ಯಾಕ್ರೋ ಇಟ್ಕೊಂಡಿದ್ದಾರೆ. ಅದರೊಳಗೆ ಇಣುಕಿ ನೋಡಿದ್ರೆ ಎಷ್ಟೋ ವರ್ಷನ್‌ಗಳಲ್ಲಿ ಒಂದೇ ಮೆಂಬರ್ ಇರೋ ಪ್ಯಾಕ್ಡ್ ಸ್ಟ್ರಕ್ಟ್ ಕಾಣತ್ತೆ! ಪಾಯಿಂಟರನ್ನ ಆ ಸ್ಟ್ರಕ್ಟಿನ ಪಾಯಿಂಟರ್ ಮಾಡಿ ಮೆಂಬರ್ ಓದ್ತಾರೆ, ಆಗ ಎಲ್ಲಿ ಬೇಕಾದ್ರೂ ಇರ್ಬಹುದು ಅನ್ನೋ ಮಾಹಿತಿ ಟೈಪಲ್ಲೇ ಉಳಿಯತ್ತೆ, ಕಂಪೈಲರ್ ಆಯಾ ಚಿಪ್ಪಿಗೆ ತಕ್ಕ ಕೋಡ್ ಕೊಡತ್ತೆ. ಪ್ಯಾಕ್ಡ್ ಅನ್ನೋದು ಕೆಟ್ಟದ್ದಲ್ಲ, ಆ ಟೈಪ್ ಕಳ್ಕೊಳ್ಳೋದು ಕೆಟ್ಟದ್ದು. ಇದೇ ಕರ್ನಲ್‌ನಲ್ಲಿ ಇನ್ನೊಂದು ಚೆಂದದ ವಿಷಯ ಇದೆ: ಈಥರ್ನೆಟ್ ಹೆಡರ್ 14 ಬೈಟ್, ಹಾಗಾಗಿ ಪ್ಯಾಕೆಟ್ 4ರ ಅಡ್ರೆಸ್ಸಲ್ಲಿ ಶುರು ಆದ್ರೆ ಅದರ ಹಿಂದಿರೋ ಐಪಿ ಹೆಡರ್ ಅಲೈನ್ ಆಗಲ್ಲ, ಒಳಗಿನ 32 ಬಿಟ್ ಐಪಿ ಅಡ್ರೆಸ್‌ಗಳೆಲ್ಲ ತಪ್ಪು ಜಾಗದಲ್ಲಿ ಬೀಳ್ತವೆ. ಅದಕ್ಕೇ ಡ್ರೈವರ್‌ಗಳು ಬಫರಿನ ಶುರುವಲ್ಲಿ ಬೇಕಂತಲೇ 2 ಬೈಟ್ ಬಿಟ್ಟು ಪ್ಯಾಕೆಟ್ ಇಳಿಸ್ತವೆ, 14 ಪ್ಲಸ್ 2 ಅಂದ್ರೆ 16, ಐಪಿ ಹೆಡರ್ ಸರಿಯಾಗಿ ಕೂರತ್ತೆ. ಎಕ್ಸ್86 ಥರದ ಕೆಲವು ಕಡೆ ಅದನ್ನ 0 ಮಾಡಿದ್ದಾರೆ, ಅಲ್ಲಿ ಅನ್‌ಅಲೈನ್ಡ್ ಓದೋದು ಅಗ್ಗ.

ಪ್ಯಾಕ್ಡ್ ಬಳಸಲೇಬೇಕು ಅನ್ನೋರು ಕೆಲವು ವಿಷಯ ನೋಡ್ಕೊಳ್ಳಿ. ಪ್ರಾಗ್ಮಾ ಪ್ಯಾಕ್ ಹಾಕಿದ್ರೆ ಪುಶ್ ಹಾಕಿ, ಸ್ಟ್ರಕ್ಟ್ ಮುಗಿದ ತಕ್ಷಣ ಪಾಪ್ ಹಾಕಿ. ಹೆಡರ್ ಫೈಲಲ್ಲಿ ಪಾಪ್ ಮರೆತ್ರೆ ಅದರ ಕೆಳಗೆ ಇನ್‌ಕ್ಲೂಡ್ ಆಗೋ ಎಲ್ಲ ಸ್ಟ್ರಕ್ಟೂ ಪ್ಯಾಕ್ ಆಗ್ಬಿಡತ್ತೆ, ಒಂದು ಸಿ ಫೈಲಲ್ಲಿ ಒಂದು ಲೇಔಟ್, ಇನ್ನೊಂದ್ರಲ್ಲಿ ಇನ್ನೊಂದು, ಲಿಂಕರ್ ಏನೂ ಹೇಳಲ್ಲ. ಜಿಸಿಸಿ ಅಟ್ರಿಬ್ಯೂಟಲ್ಲಿ ಹೊರಗಿನ ಸ್ಟ್ರಕ್ಟ್ ಪ್ಯಾಕ್ ಮಾಡಿದ್ರೆ ಒಳಗಿರೋ ಸ್ಟ್ರಕ್ಟಿನ ಸ್ವಂತ ಪ್ಯಾಡಿಂಗ್ ಹೋಗಲ್ಲ, ಅದನ್ನ ಬೇರೆಯಾಗಿ ಪ್ಯಾಕ್ ಮಾಡ್ಬೇಕು. ಸ್ಟ್ರಕ್ಟ್ ಕೆಳಗೆ ಸ್ಟ್ಯಾಟಿಕ್ ಅಸರ್ಟ್ ಹಾಕಿ ಸೈಜ್‌ಆಫ್ 14 ಇದೆಯಾ, ಫೈಲ್ ಸೈಜಿನ ಆಫ್‌ಸೆಟ್‌ಆಫ್ 2 ಇದೆಯಾ ಅಂತ ಕಂಪೈಲ್ ಟೈಮಲ್ಲೇ ಕೇಳಿ, ಇದು ಸಿ11ರಿಂದ ಭಾಷೇಲೇ ಇದೆ. ಮೆಮೊರಿ ಉಳಿಸೋಕೆ ಅಂತ ಪ್ಯಾಕ್ ಮಾಡೋದಾದ್ರೆ ಮೊದಲು ಮೆಂಬರ್‌ಗಳನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ನೋಡಿ, ಪಾಹೋಲ್ ಅನ್ನೋ ಟೂಲ್ ಯಾವ ಸ್ಟ್ರಕ್ಟಲ್ಲಿ ಎಲ್ಲೆಲ್ಲಿ ತೂತಿದೆ ಅಂತ ತೋರಿಸತ್ತೆ, ಮುಕ್ಕಾಲು ಪಾಲು ಕಡೆ ಅಷ್ಟರಲ್ಲೇ ಕೆಲಸ ಆಗತ್ತೆ.

ಹಾರ್ಡ್‌ವೇರ್ ರಿಜಿಸ್ಟರ್‌ಗಳ ಮೇಲೆ ಸ್ಟ್ರಕ್ಟ್ ಹೊದಿಸೋರಿಗೆ ಇನ್ನೊಂದು ಮಾತು, ಇದು ಸುಮಾರು ಡ್ರೈವರ್ ಕೋಡಲ್ಲಿ ಕಾಣತ್ತೆ. ರಿಜಿಸ್ಟರ್ ಮ್ಯಾಪ್ ಮಧ್ಯೆ ಗ್ಯಾಪ್ ಬರ್ಬಾರ್ದು ಅಂತ ಜಾಗ್ರತೆಗೆ ಪ್ಯಾಕ್ಡ್ ಹಾಕ್ತಾರೆ. ಆದ್ರೆ ಅಲೈನ್‌ಮೆಂಟ್ 1 ಅಂತ ಹೇಳಿದ್ಮೇಲೆ, ಅನ್‌ಅಲೈನ್ಡ್ ಒಪ್ಪದ ಟಾರ್ಗೆಟಲ್ಲಿ ಕಂಪೈಲರ್ 32 ಬಿಟ್ ರಿಜಿಸ್ಟರಿಗೆ ಬರೆಯೋ ಒಂದು ಸ್ಟೋರನ್ನ ನಾಲ್ಕು ಬೈಟ್ ಸ್ಟೋರ್ ಮಾಡ್ಬಹುದು, ವೊಲಟೈಲ್ ಹಾಕಿದ್ರೂ ಸಹ. 32 ಬಿಟ್ ಆಕ್ಸೆಸ್ ಮಾತ್ರ ಒಪ್ಪೋ ಪೆರಿಫೆರಲ್ ಆಗಿದ್ರೆ ಅದು ಒಂದೋ ಫಾಲ್ಟ್ ಕೊಡತ್ತೆ ಇಲ್ಲಾ ಅರ್ಧಂಬರ್ಧ ಬರೆದ ಕಮ್ಯಾಂಡನ್ನೇ ನಿಜ ಅಂತ ತಗೊಳ್ಳತ್ತೆ. ರಿಜಿಸ್ಟರ್‌ಗಳು ಹೇಗಿದ್ರೂ ಸರಿಯಾದ ಅಡ್ರೆಸ್ಸಲ್ಲೇ ಇರ್ತವೆ, ಗ್ಯಾಪ್ ಇರೋ ಕಡೆ ರಿಸರ್ವ್ಡ್ ಅಂತ ಮೆಂಬರ್ ಬರೆದು, ಪ್ಯಾಕ್ಡ್ ತೆಗೆದು, ಆಫ್‌ಸೆಟ್‌ಗಳಿಗೆ ಸ್ಟ್ಯಾಟಿಕ್ ಅಸರ್ಟ್ ಹಾಕಿ. ತೆಗೆಯೋಕೆ ಆಗದ ಹಳೇ ಹೆಡರ್ ಆಗಿದ್ರೆ ಪ್ಯಾಕ್ಡ್ ಜೊತೆಗೆ ಅಲೈನ್ಡ್ 4 ಅಂತಾನೂ ಸೇರಿಸಿ, ಆಗ ಲೇಔಟ್ ಹಾಗೇ ಇರತ್ತೆ, 4ರ ಆಫ್‌ಸೆಟ್‌ನಲ್ಲಿರೋ ಮೆಂಬರ್‌ಗಳಿಗೆ ಕಂಪೈಲರ್ ಒಂದೇ ಸ್ಟೋರ್ ಹಾಕೋದಕ್ಕೆ ದಾರಿ ಸಿಗತ್ತೆ.